ಮೊದಲ ರ್ಯಾಕಿನ ಉಪವಾಸ

ಮಾರ್ಚ್ 3, ಸೋಮವಾರ

ಇಂದು ಪೆಟ್ಟಿಗೆ ಬದಲಾಯಿಸುವ ದಿನ. ನಮ್ಮ ಇಲಿಗಳ ಕೋಣೆಯಲ್ಲಿ ಎರಡು ರ್ಯಾಕು. ಬಾಗಿಲ ಪಕ್ಕದ ಮೊದಲನೆಯದು ನನ್ನದು, ಒಳಗಿನದು ಸಿಳ್ಳೆಯದು. ಒಂದೊಂದರಲ್ಲೂ ಹನ್ನೆರಡು ಪ್ಲಾಸ್ಟಿಕ್ ಪೆಟ್ಟಿಗೆ, ಪೆಟ್ಟಿಗೆಗೆ ಮೂರು ಇಲಿ. ಸಿಳ್ಳೆ ಎಂದರೆ ಎಂಟು ವರ್ಷದಿಂದ ನನ್ನ ಜೊತೆ ಕೆಲಸ ಮಾಡುವವನು. ಮುಖಗವಸಿನ ಒಳಗಿಂದಲೂ ಸಿಳ್ಳೆ ಹಾಕುತ್ತಾನೆ, ಅದಕ್ಕೇ ಆ ಹೆಸರು. ನಾನು ಹನ್ನೆರಡೂ ಮುಗಿಸಿ ಕೈ ತೊಳೆದು ಬಂದರೂ ಅವನದಿನ್ನೂ ಐದು ಉಳಿದಿತ್ತು. ಇಲಿಯನ್ನು ಅಂಗೈಯಲ್ಲಿಟ್ಟುಕೊಂಡು ಮಾತಾಡಿಸುತ್ತ ನಿಂತರೆ ಇನ್ನೇನಾಗುತ್ತದೆ.

ಇವು ಮನೆಯ ಮೂಲೆಯಲ್ಲಿ ಓಡಾಡುವಂಥ ಇಲಿಗಳಲ್ಲ. ರಕ್ತದೊಳಗಿನ ಕೊಬ್ಬನ್ನು ತೆಗೆದು ಹಾಕುವ ಶಕ್ತಿ ಇವಕ್ಕೆ ಹುಟ್ಟಿನಿಂದಲೇ ಇಲ್ಲ. ಹಾಗಿರಲೆಂದೇ ಬೆಳೆಸಿದ್ದಾರೆ. ಅದರ ಮೇಲೆ ಎಂಟು ವಾರದಿಂದ ಕೊಬ್ಬಿನ ಮೇವು, ಹೃದಯದ ನಾಳ ಕಟ್ಟಿಕೊಳ್ಳಲಿ ಎಂದು. ಅರ್ಧ ಪೆಟ್ಟಿಗೆಗಳ ನೀರಿಗೆ ಔಷಧಿ ಬೆರೆಸುತ್ತಾರೆ, ಉಳಿದರ್ಧಕ್ಕೆ ಬರೀ ನೀರು. ಔಷಧಿಯಿಂದ ಕೊಬ್ಬು ಇಳಿಯುತ್ತದೋ ಇಲ್ಲವೋ ಅಳೆಯುವುದು ಕನ್ನಡಕದ ಹುಡುಗಿಯ ಕೆಲಸ. ಅವಳ ಡಾಕ್ಟರೇಟ್ ಇದರ ಮೇಲೇ ನಿಂತಿದೆ.

ಗಂಡಿಲಿಗಳನ್ನು ಹೊಸ ಪೆಟ್ಟಿಗೆಗೆ ಹಾಕಿದರೆ ತಮ್ಮ ವಾಸನೆ ಸಿಗದೆ ಕಚ್ಚಾಡುತ್ತವೆ. ಅದಕ್ಕೇ ನಾನು ಹಳೆಯ ಗೂಡನ್ನು, ಕಾಗದದ ಚೂರಿನಿಂದ ಅವೇ ಕಟ್ಟಿಕೊಂಡದ್ದನ್ನು, ಮುಷ್ಟಿಯಲ್ಲಿ ಹಿಡಿದು ಹಾಗೆಹಾಗೇ ಹೊಸದರಲ್ಲಿ ಇಡುತ್ತೇನೆ. ಒಳಗೆ ಹೋಗಿ ಮಲಗಿಬಿಡುತ್ತವೆ. ಇದನ್ನು ಯಾರೂ ಹೇಳಿಕೊಟ್ಟಿಲ್ಲ, ನಾನೇ ಕಂಡುಕೊಂಡದ್ದು. ಸಿಳ್ಳೆ ಗೂಡನ್ನು ಮರದ ಹೊಟ್ಟಿನ ಜೊತೆ ಕಸಕ್ಕೆ ಸುರಿದು ಹೊಸ ಕಾಗದ ಹಾಕುತ್ತಾನೆ.

"ಅಕ್ಕಾ, ನಿಮ್ಮ ಇಲಿಗಳಿಗೆ ಮನೆ ಸಮೇತ ವರ್ಗಾವಣೆ. ನಮ್ಮವಕ್ಕೆ ಬರೀ ವರ್ಗಾವಣೆ," ಎಂದ.

"ನಿನಗೆ ಕರುಣೆ ಇಲ್ಲ."

"ಗೋಡೆ ಮೇಲಿನ ನಿಯಮದ ಹಾಳೇಲಿ ಕರುಣೆ ಅಂತ ಬರೆದಿಲ್ಲವಲ್ಲಕ್ಕಾ."

ದೇವರ ಹೆಸರೆತ್ತಿದರೆ ನಗುವವನ ಹತ್ತಿರ ಏನು ಮಾತು. ಅವನು ಎಂಥವನು ಅಂತ ನನಗೆ ಗೊತ್ತು.

ಮಾರ್ಚ್ 6, ಗುರುವಾರ

ಇಲಿಗಳಿಗೂ ನನಗೂ ಇಂದು ಉಪವಾಸ. ನಾನು ಪ್ರತಿ ಗುರುವಾರ ದೇವರಿಗಾಗಿ ಸಂಜೆಯವರೆಗೆ ಏನೂ ತಿನ್ನುವುದಿಲ್ಲ. ಇಲಿಗಳಿಗೆ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ. ಹೊಟ್ಟೆಯಲ್ಲಿ ಮೇವಿದ್ದರೆ ಅದರ ಕೊಬ್ಬು ರಕ್ತಕ್ಕಿಳಿದು ಅಳತೆ ಕೆಡುತ್ತದಂತೆ.

"ಇಲಿಗಳು ಹನ್ನೆರಡಕ್ಕೆ ಬಿಡ್ತವೆ, ನೀನು ಕತ್ತಲಾದ್ರೂ ಬಿಡಲ್ಲ. ರಕ್ತ ನಿನ್ನದೇ ತೆಗೀಲಿ, ಹಾಲಿನ ಹಾಗೆ ಶುದ್ಧ ಇರುತ್ತೆ," ಎಂದರು ನಮ್ಮವರು, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಅವರು ದರ್ಜಿ. ನಲವತ್ತು ವರ್ಷ ಬಗ್ಗಿಬಗ್ಗಿ ಅವರ ಮಾತು ಕೂಡ ಬಾಗಿಯೇ ಬರುತ್ತದೆ.

ಆರಕ್ಕೆ ಮೇವು ತೆಗೆದೆ. ಹೊಸ ಪೆಟ್ಟಿಗೆ, ಹೊಸ ಹೊಟ್ಟು, ಹಾಳೆಯಲ್ಲಿ ಬರೆದಂತೆಯೇ. ಹಳೆ ಹೊಟ್ಟಿನಲ್ಲಿ ಬಿದ್ದ ಪುಡಿಯನ್ನು ತಿನ್ನಬಾರದೆಂದು ಹಾಗೆ ಮಾಡುವುದು. ಪಾಪ, ಹಸಿದಿರುವ ದಿನ ಜಗಳ ಬೇರೆ ಬೇಡವೆಂದು ಗೂಡುಗಳನ್ನು ಜೋಪಾನವಾಗಿ ಸಾಗಿಸಿದೆ. ಒಂಬತ್ತಕ್ಕೆ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಹತ್ತು ನಿಮಿಷ ಪ್ರಾರ್ಥನೆ ಮಾಡಿ ಬಂದೆ. ವಾಪಸಾಗುವಾಗ ಸಿಳ್ಳೆ ಇಲಿಗಳ ಕೋಣೆಯಿಂದ ಒಬ್ಬನೇ ಹೊರಗೆ ಬರುತ್ತಿದ್ದ.

ಹನ್ನೆರಡಕ್ಕೆ ಹುಡುಗಿ ಬಂದು ಕೆನ್ನೆಯ ಹತ್ತಿರ ಸೂಜಿ ಚುಚ್ಚಿ ಒಂದೊಂದರದೂ ಕೆಲವು ಹನಿ ತೆಗೆದಳು. ಒಂದು ಇಲಿಯ ರಕ್ತ ಅಳೆಯುವ ಯಂತ್ರಕ್ಕೆ ಸಾಲದು. ಮೂರು ಪೆಟ್ಟಿಗೆಯದನ್ನು ಕೂಡಿಸಿ ಒಂದು ಟ್ಯೂಬು. ರ್ಯಾಕಿಗೆ ನಾಲ್ಕು, ಎರಡು ಔಷಧಿಯವು, ಎರಡು ಬರೀ ನೀರಿನವು. ಒಟ್ಟು ಎಂಟು.

ಮಾರ್ಚ್ 8, ಶನಿವಾರ

ಹುಡುಗಿ ನನ್ನನ್ನು ಕರೆದು ಎಂಟು ಟ್ಯೂಬು ತೋರಿಸಿದಳು. ರಕ್ತವನ್ನು ಗಿರಗಿರ ತಿರುಗಿಸಿದಾಗ ಮೇಲೆ ನಿಲ್ಲುವ ತಿಳಿ ಅದು. ಸಿಳ್ಳೆಯ ರ್ಯಾಕಿನ ನಾಲ್ಕು ಹಳದಿಯಾಗಿ ಹೆಚ್ಚುಕಡಿಮೆ ತಿಳಿಯಾಗಿದ್ದವು. ನನ್ನ ನಾಲ್ಕು ಹಾಲು ಕಲಸಿದ ಹಾಗಿದ್ದವು.

ತಿಳಿಯನ್ನು ಉದ್ದನೆಯ ಗಾಜಿನ ಕೊಳವೆಯೊಳಗೆ ಹರಿಯಬಿಡುತ್ತಾಳೆ. ಅದರ ತುಂಬ ತೂತು ತೂತಿನ ಸಣ್ಣ ಮಣಿಗಳು. ಕೊಬ್ಬು ರಕ್ತದಲ್ಲಿ ಒಂಟಿಯಾಗಿ ಓಡಾಡುವುದಿಲ್ಲವಂತೆ, ಪ್ರೋಟೀನಿನ ಜೊತೆ ಉಂಡೆ ಕಟ್ಟಿಕೊಂಡಿರುತ್ತದೆ. ಲಿಪೊಪ್ರೋಟೀನ್ ಎಂದು ಹೆಸರು.

"ದೊಡ್ಡ ಉಂಡೆಗಳು ಮಣಿಯ ತೂತಿಗೆ ಹಿಡಿಸಲ್ಲಮ್ಮಾ, ಬೀದೀಲಿ ನೇರ ನಡ್ಕೊಂಡು ಮೊದಲೇ ಹೊರಗೆ ಬರ್ತವೆ. ಚಿಕ್ಕವು ಸಿಕ್ಕಸಿಕ್ಕ ಮನೆಗೆಲ್ಲ ನುಗ್ಗಿ ಮಾತಾಡಿಸಿಕೊಂಡು ತಡವಾಗಿ ಬರ್ತವೆ."

"ನಮ್ಮ ಅತ್ತಿಗೆ ಹಾಗೆ," ಎಂದೆ. ನಕ್ಕಳು. ಆಮೇಲೆ ನಗಲಿಲ್ಲ.

ಗ್ರಾಫಿನಲ್ಲಿ ಮೂರು ಗುಡ್ಡ ಬರುತ್ತವೆ. ನನ್ನ ರ್ಯಾಕಿನವಕ್ಕೆ ಮೊದಲ ಗುಡ್ಡ, ಅಂದರೆ ದೊಡ್ಡ ಉಂಡೆಗಳದ್ದು, ಹಾಳೆ ಬಿಟ್ಟು ಮೇಲೆ ಹೋಗಿತ್ತು. ಔಷಧಿ ಕುಡಿದವಕ್ಕೂ ಹಾಗೇ, ಕುಡಿಯದವಕ್ಕೂ ಹಾಗೇ. ವ್ಯತ್ಯಾಸ ಬಂದದ್ದು ರ್ಯಾಕಿನಿಂದ ರ್ಯಾಕಿಗೆ ಮಾತ್ರ.

"ಇವು ಉಂಡಿವೆ. ಮೊದಲ ರ್ಯಾಕಿಗೆ ಯಾರೋ ಮೇವು ಹಾಕಿದಾರಮ್ಮಾ. ಎಂಟು ವಾರ ಕಾದಿದ್ದು ಇದಕ್ಕೇನಾ?" ಎಂದಳು. ಕನ್ನಡಕ ತೆಗೆದು ಒರೆಸಿದಳು, ಹಾಕಿಕೊಳ್ಳಲಿಲ್ಲ.

ಯಾರೋ ಅಂತ ಹುಡುಕುವುದೇಕೆ? ಹೋದ ವರ್ಷ ಸಿಳ್ಳೆಯ ಜೇಬಿನಲ್ಲಿ ಸೂರ್ಯಕಾಂತಿ ಬೀಜ ಸಿಕ್ಕಿತ್ತು. ಇಲಿಗಳಿಗೆ ಕೊಡುತ್ತಿದ್ದನೆಂದು ಎಚ್ಚರಿಕೆ ಪತ್ರ ಬಂದಿತ್ತು. ನನಗೆ ಗೊತ್ತು.

ಮಾರ್ಚ್ 10, ಸೋಮವಾರ

ವಿಚಾರಣೆ ಆಯಿತು. ಪ್ರಾಣಿಗಳ ವಿಭಾಗಕ್ಕೆಲ್ಲ ಮೇಲಿನವರು ಪಶುವೈದ್ಯರು, ನಾವು ಡಾಕ್ಟರು ಎನ್ನುತ್ತೇವೆ. ಮೇಜಿನ ಈಚೆ ನಾನು, ಸಿಳ್ಳೆ, ಹುಡುಗಿ.

"ಒಂಬತ್ತು ಗಂಟೆಗೆ ಇವನು ಒಳಗಿದ್ದಿದ್ದನ್ನ ನೋಡಿದ್ರಾ?" ಎಂದು ಡಾಕ್ಟರು ನನ್ನನ್ನು ಕೇಳಿದರು.

"ನೋಡಿದೆ ಸಾರ್."

"ಮೇವು ಹಾಕಿದ್ದು?"

"ಇನ್ಯಾತಕ್ಕೆ ಹೋಗ್ತಾನೆ ಸಾರ್?"

"ನೀರಿನ ಬಾಟಲಿ ನೋಡೋಕೆ ಹೋಗಿದ್ದೆ ಅಕ್ಕಾ," ಎಂದ ಸಿಳ್ಳೆ. "ಮೊದಲ ರ್ಯಾಕಿನ ನಾಲ್ಕನೇದು ಸೋರ್ತಾ ಇತ್ತು."

"ಅದನ್ನ ನನಗೇನು ಹೇಳ್ತೀಯ, ದೇವರಿಗೆ ಹೇಳು."

ಬರೆದುಕೊಡಿ ಎಂದರು. ಬರೆದೆ. 'ನಾನು ಹೊರಗೆ ಹೋದಾಗ ಅವನೇ ಮೇವು ಹಾಕಿದ್ದಾನೆ. ದೇವರ ಮೇಲೆ ಆಣೆ.' ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದು, ಆದರೂ ನನ್ನ ಅಕ್ಷರ ಚೆನ್ನಾಗಿದೆ ಎಂದು ಡಾಕ್ಟರೇ ಹೇಳಿದರು. ತೀರ್ಮಾನ ಆಗುವವರೆಗೆ ಸಿಳ್ಳೆ ಕೆಲಸಕ್ಕೆ ಬರಬಾರದು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಬೀಗದ ಕೈಯನ್ನು ಬೆಂಚಿನ ಮೇಲಿಟ್ಟು, ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದ. ನನ್ನ ಕಡೆ ನೋಡಲಿಲ್ಲ. ತಪ್ಪು ಮಾಡಿದವರು ನೋಡುವುದಿಲ್ಲ.

ಮಾರ್ಚ್ 13, ಗುರುವಾರ

ಎರಡೂ ರ್ಯಾಕು ನನ್ನ ತಲೆಗೇ. ಮೊಣಕೈ ನೋವು. ಆದರೆ ಕೋಣೆ ಶಾಂತವಾಗಿದೆ, ಸಿಳ್ಳೆಯ ಗಲಾಟೆ ಇಲ್ಲ. ಒಳಗಿನ ರ್ಯಾಕಿನವಕ್ಕೂ ಈಗ ಗೂಡು ಸಾಗಿಸುತ್ತಿದ್ದೇನೆ.

ನಮ್ಮವರು ಕೇಳಿದರು, "ನೀನು ಕಂಡ್ಯಾ, ಅವನು ಹಾಕಿದ್ದು?"

"ಕಾಣೋದೇನು ಬಂತು, ಗೊತ್ತಾಗಲ್ವೇನ್ರಿ?"

"ಬಟ್ಟೆ ನೋಡಿ ಅಳತೆ ಹೇಳೋ ಗಿರಾಕಿಗಳು ನನ್ನ ಹತ್ರಾನೂ ಬರ್ತಾರೆ. ನಾನು ಟೇಪು ಹಾಕಿಯೇ ಕತ್ತರಿಸೋದು."

ಅವರಿಗೆ ಎಲ್ಲದಕ್ಕೂ ಬಟ್ಟೆಯೇ.

ಮಾರ್ಚ್ 20, ಗುರುವಾರ

ಎರಡನೆಯ ಉಪವಾಸ. ಎರಡು ವಾರ ಕಳೆಯದೆ ಮತ್ತೆ ರಕ್ತ ತೆಗೆಯುವ ಹಾಗಿಲ್ಲ, ಇಂದಿಗೆ ಸರಿಹೋಯಿತು. ಇಪ್ಪತ್ತನಾಲ್ಕೂ ನಾನೇ ಮಾಡಿದೆ. ಐದಕ್ಕೇ ಹೋದೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡೆ, ಪ್ರಾರ್ಥನೆಗೂ ಹೋಗದೆ ಬಾಗಿಲಲ್ಲೇ ನಿಂತು ಮಾಡಿದೆ. ಒಂದು ಪೆಟ್ಟಿಗೆಯಲ್ಲೂ ಜಗಳವಿಲ್ಲ. ಎಲ್ಲ ಗೂಡಿನಲ್ಲಿ ಬೆಚ್ಚಗೆ.

"ಈ ಸಲ ನೀವೊಬ್ರೇ ಇದ್ರಲ್ಲಮ್ಮಾ, ನನಗೆ ಧೈರ್ಯ," ಎಂದಳು ಹುಡುಗಿ.

ಮಾರ್ಚ್ 22, ಶನಿವಾರ

ಎಂಟಕ್ಕೆ ಎಂಟೂ ಹಾಲು.

ಹುಡುಗಿ ಟ್ಯೂಬುಗಳ ಚೀಟಿಯನ್ನು ಒಂದೊಂದಾಗಿ ಮತ್ತೆ ಓದಿದಳು. ಆಮೇಲೆ ಕೊಳವೆ ಕೆಟ್ಟಿದೆ, ಯಂತ್ರದ ಇಂಜಿನಿಯರನ್ನು ಕರೆಸುತ್ತೇನೆ ಎಂದಳು. ಟ್ಯೂಬು ಕಣ್ಣಿಗೇ ಬೆಳ್ಳಗೆ ಕಾಣುವಾಗ ಕೊಳವೆಯ ತಪ್ಪೇನು ಎಂದು ನಾನು ಕೇಳಲಿಲ್ಲ. ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಹೇಳಿಕೊಳ್ಳಲು ಏನಾದರೊಂದು ಬೇಕಿತ್ತು ಅವಳಿಗೆ.

ಸಿಳ್ಳೆಯನ್ನು ತೆಗೆದುಹಾಕುವ ಪತ್ರಕ್ಕೆ ಶುಕ್ರವಾರ ಸಹಿ ಹಾಕುತ್ತಾರಂತೆ. ಆಫೀಸಿನ ಗುಮಾಸ್ತೆ ಹೇಳಿದಳು. "ನಿಮ್ಮ ಹೇಳಿಕೆ ಗಟ್ಟಿಯಾಗಿತ್ತು, ಅದರ ಮೇಲೇ ಎಲ್ಲ ನಿಂತಿದೆ," ಎಂದಳು.

ಗುರುವಾರ ಬೀಗ ಹಾಕಿತ್ತು. ಕೀಲಿ ನನ್ನ ಕೊರಳಲ್ಲಿತ್ತು.

ಮಾರ್ಚ್ 24, ಸೋಮವಾರ

ಇಂಜಿನಿಯರು ಬಂದು ಹೋದ. ಅಳತೆ ಮೊದಲೇ ಗೊತ್ತಿದ್ದ ದ್ರವವನ್ನು ಹಾಯಿಸಿ ನೋಡಿದ. ಕೊಳವೆ ಸರಿ, ಯಂತ್ರ ಸರಿ.

ಪೆಟ್ಟಿಗೆ ಬದಲಾಯಿಸುವಾಗ ಒಂದು ಗೂಡು ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು, ಬಿಚ್ಚಿಕೊಂಡಿತು. ಒಳಗಿನಿಂದ ಮೇವಿನ ಪುಡಿ ಉದುರಿತು. ಸಾದಾ ಮೇವು ಕಲ್ಲಿನ ಹಾಗೆ, ಉದುರುವುದಿಲ್ಲ. ಈ ಕೊಬ್ಬಿನ ಮೇವು ಹಸಿ ಮಣ್ಣಿನ ಹಾಗೆ ಮೆತ್ತಗೆ. ಚೂರು ಚೂರನ್ನೇ ಒಯ್ದು ಮಲಗುವ ಜಾಗದಲ್ಲಿ ಬಚ್ಚಿಟ್ಟುಕೊಂಡಿವೆ.

ಇನ್ನೊಂದು ಗೂಡು ಬಿಚ್ಚಿದೆ. ಇತ್ತು. ಮತ್ತೊಂದು. ಇತ್ತು. ಇಪ್ಪತ್ತನಾಲ್ಕನ್ನೂ ಬಿಚ್ಚಿದೆ. ಹತ್ತೊಂಬತ್ತರಲ್ಲಿ ಇತ್ತು. ಒಂದೊಂದರಲ್ಲಿ ಎರಡು ಇಲಿ ಹೊಟ್ಟೆ ತುಂಬ ಉಣ್ಣುವಷ್ಟು.

ಉಪವಾಸದ ದಿನ ಮೇವನ್ನು ನಾನೇ ಎತ್ತಿ ಒಳಗಿಟ್ಟಿದ್ದೇನೆ. ಎರಡು ಸಲ. ಸಿಳ್ಳೆ ಗೂಡನ್ನು ಕಸಕ್ಕೆ ಹಾಕುತ್ತಿದ್ದ. ಅವನ ನಾಲ್ಕು ಟ್ಯೂಬು ತಿಳಿಯಾಗಿದ್ದವು.

ಮೇಜು ಒರೆಸಿದೆ. ಪುಡಿಯನ್ನು ಒಂದು ಕಾಗದದಲ್ಲಿ ಮಡಿಸಿ ಜೇಬಿನಲ್ಲಿಟ್ಟುಕೊಂಡೆ.

ಮಾರ್ಚ್ 25, ಮಂಗಳವಾರ

ಪ್ರಾರ್ಥನೆಗೆ ಕುಳಿತೆ. ಅರ್ಧಕ್ಕೇ ಎದ್ದೆ.

ನಾನು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮುಂದಿನ ಸಲ ಗೂಡು ಸಾಗಿಸದಿದ್ದರೆ ಎಂಟೂ ತಿಳಿಯಾಗುತ್ತವೆ. ಹುಡುಗಿಗೆ ಅವಳ ಗ್ರಾಫು ಸಿಗುತ್ತದೆ. ಎಲ್ಲ ಸರಿಹೋಗುತ್ತದೆ, ಸಿಳ್ಳೆಯೊಬ್ಬನದು ಬಿಟ್ಟು.

ಮಾರ್ಚ್ 26, ಬುಧವಾರ

ಕಾಗದ ಬಿಚ್ಚಿ ಹುಡುಗಿಯ ಮುಂದಿಟ್ಟೆ. ನಡೆದದ್ದು ಹೇಳಿದೆ. ಅವಳು ಪುಡಿಯನ್ನು ಬೆರಳಿನಲ್ಲಿ ಹಿಸುಕಿ ಮೂಸಿದಳು.

"ಗೂಡು ಸಾಗಿಸ್ತೀರಾ ಅಂತ ನನಗೆ ಹೇಳ್ಲೇ ಇಲ್ವಲ್ಲಮ್ಮಾ."

"ಹೇಳಬೇಕು ಅಂತ ಹೊಳೀಲಿಲ್ಲ ತಾಯಿ. ಒಳ್ಳೇದು ಮಾಡ್ತಿದೀನಿ ಅಂದ್ಕೊಂಡಿದ್ದೆ."

"ಎರಡು ಸಲ," ಎಂದಳು. ಕೋಪ ಬಂದಿತ್ತು, ಬರಬೇಕಾದ್ದೇ. ಪುಡಿಯ ಕಾಗದವನ್ನು ಮಡಿಸಿ, "ಗೂಡು ತೆಗೀಬೇಕು ಅಂತ ಹಾಳೇಲಿ ನಾನೂ ಬರೆದಿಲ್ಲ. ಬನ್ನಿ," ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ನನ್ನ ಹಳೆಯ ಹೇಳಿಕೆ ತೆಗೆದರು. ನಾನೇ ಓದಬೇಕಾಯಿತು. ಓದಿದೆ. ಹೊಸ ಹಾಳೆ ಕೊಟ್ಟು, "ಕಣ್ಣಿಂದ ಕಂಡದ್ದನ್ನ ಮಾತ್ರ ಬರೀರಿ," ಎಂದರು. ನಾಲ್ಕು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. 'ಅವನು ಕೋಣೆಯಿಂದ ಹೊರಗೆ ಬಂದದ್ದು ಕಂಡೆ. ಮೇವು ಹಾಕಿದ್ದು ಕಂಡಿಲ್ಲ. ಮೇವು ಗೂಡಿನಲ್ಲಿತ್ತು. ಗೂಡನ್ನು ಸಾಗಿಸಿದ್ದು ನಾನು.' ಆಣೆಯ ಮಾತು ಬರೆಯಲಿಲ್ಲ, ಅವರೂ ಕೇಳಲಿಲ್ಲ.

ನನಗೆ ಎಚ್ಚರಿಕೆ ಪತ್ರ. ಸಿಳ್ಳೆಗೆ ಕೆಲಸಕ್ಕೆ ಮರಳುವ ಪತ್ರ ಇವತ್ತೇ ಹೋಯಿತು.

ಮಾರ್ಚ್ 28, ಶುಕ್ರವಾರ

ಸಿಳ್ಳೆ ಬರಲಿಲ್ಲ.

ಮಾರ್ಚ್ 29, ಶನಿವಾರ

ಅವನು ಬೇಕರಿಯಲ್ಲಿ ಕೆಲಸಕ್ಕೆ ಸೇರಿದ್ದಾನೆಂದು ಅವನ ಹೆಂಡತಿ ಹೇಳಿದಳು. ಬಾಗಿಲನ್ನು ಅರ್ಧವೇ ತೆರೆದು ಹೇಳಿದಳು. ಬೇಕರಿಗೆ ಹೋದೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ತಟ್ಟೆಗಳನ್ನು ಒಲೆಗೆ ತಳ್ಳುತ್ತಿದ್ದ. ನಾನು ಕೌಂಟರಿನ ಈಚೆ ನಿಂತು ಗೂಡಿನ ವಿಷಯವೆಲ್ಲ ಹೇಳಿದೆ. ತಪ್ಪಾಯಿತು ಎಂದೆ.

"ನೀವು ಗೂಡು ಸಾಗಿಸೋದು ನಾನೂ ದಿನಾ ನೋಡ್ತಿದ್ದೆ. ನನಗೂ ಹೊಳೀಲಿಲ್ಲ. ಅದಕ್ಕೆ ನನಗೇನೂ ಬೇಜಾರಿಲ್ಲ," ಎಂದ.

"ವಾಪಸ್ ಬಾ. ಪತ್ರ ಬಂದಿದೆಯಲ್ಲ."

"ನೀವು ಸುಳ್ಳು ಹೇಳಿದ್ರೆ ಬರ್ತಿದ್ದೆ. ಒಂದು ದಿನ ಜಗಳಾಡಿ ಮುಗಿಸ್ತಿದ್ದೆ. ನೀವು ಸುಳ್ಳು ಹೇಳ್ಲಿಲ್ಲ. ಎಂಟು ವರ್ಷ ಜೊತೇಲಿದ್ದೂ ನಾನು ಅಂಥವನು ಅಂತ ನಿಜವಾಗಿಯೂ ನಂಬಿದ್ರಿ. ಅದರ ಜೊತೆ ನಾನು ಹೇಗೆ ಕೆಲಸ ಮಾಡ್ಲಿ?"

ಗಿರಾಕಿಗಳು ಬಂದರು. ನಾನು ದಾರಿ ಬಿಟ್ಟು ಗೋಡೆಗೆ ಸರಿದು ನಿಂತೆ. ಅವರು ಹೋದ ಮೇಲೂ ಅವನು ಈ ಕಡೆ ತಿರುಗಲಿಲ್ಲ. ಬಂದುಬಿಟ್ಟೆ. ಮಾತಿನಲ್ಲಿ ಒಂದು ಸಲವೂ ಅಕ್ಕಾ ಎನ್ನಲಿಲ್ಲ.

ಏಪ್ರಿಲ್ 1, ಮಂಗಳವಾರ

ರಾತ್ರಿ ಊಟಕ್ಕೆ ಕೂತಾಗ ನಮ್ಮವರು ನನ್ನನ್ನೇ ನೋಡುತ್ತಿದ್ದರು.

"ಏನ್ರಿ?"

"ಪಕ್ಕದ ಮನೆಯವರು ಯಾಕೆ ಜಗಳಾಡ್ತಿದಾರೆ ಅಂತ ಕೇಳಿದ್ದಕ್ಕೆ ನೀನು ಗೊತ್ತಿಲ್ಲ ಅಂದೆ. ಮೊನ್ನೆ ನೀರು ಯಾಕೆ ಬರ್ಲಿಲ್ಲ ಅಂದಿದ್ದಕ್ಕೂ ಗೊತ್ತಿಲ್ಲ ಅಂದೆ. ಇಪ್ಪತ್ತೆಂಟು ವರ್ಷದಲ್ಲಿ ಇದೇ ಮೊದಲು. ಮೈಯಲ್ಲಿ ಹುಷಾರಿದೆ ತಾನೆ?"

ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದರೆ ಅದರಲ್ಲೇನು ವಿಶೇಷವೋ. ಹುಷಾರಾಗಿದ್ದೇನೆ ಎಂದೆ.

ಏಪ್ರಿಲ್ 3, ಗುರುವಾರ

ಮೂರನೆಯ ಉಪವಾಸ. ಹುಡುಗಿ ಗೋಡೆಗೆ ಹೊಸ ಹಾಳೆ ಅಂಟಿಸಿದ್ದಾಳೆ, ಗೂಡಿನ ಮಾತೂ ಇದೆ. ಆರಕ್ಕೆ ಇಬ್ಬರೂ ನಿಂತೆವು. ಹಳೆಯ ಗೂಡು ಕಸಕ್ಕೆ, ಹೊಸ ಕಾಗದ ಒಳಕ್ಕೆ. ನಾಲ್ಕು ಪೆಟ್ಟಿಗೆ ನೋಡಿ ಅವಳು, "ಸಾಕಮ್ಮಾ, ನಿಮ್ಮ ಮೇಲೆ ನಂಬಿಕೆ ಇದೆ, ಸಹಿ ಮಾಡ್ತೀನಿ," ಎಂದಳು. ಬೇಡ, ಇಪ್ಪತ್ತನಾಲ್ಕನ್ನೂ ನೋಡು ಎಂದೆ. ನೋಡಿದಳು.

ಹಸಿದ ಇಲಿಗಳು ಕಚ್ಚಾಡಿದವು. ಏಳನೆಯ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತೆ. ಅವನ ಹಾಗೆ ತುಟಿ ಕೂಡಿಸಿ ಊದಿದೆ, ಬಾಯಲ್ಲಿ ಗಾಳಿ ಬಂತೇ ಹೊರತು ಸಿಳ್ಳೆ ಬರಲಿಲ್ಲ.

ಏಪ್ರಿಲ್ 5, ಶನಿವಾರ

ಎಂಟೂ ತಿಳಿ. ಮೊದಲ ಗುಡ್ಡ ಎಲ್ಲದರಲ್ಲೂ ತಗ್ಗು. ಔಷಧಿ ಕುಡಿದವಕ್ಕೆ ಎರಡನೆಯ ಗುಡ್ಡ, ನಾಳಕ್ಕೆ ಅಂಟುವಂಥ ಉಂಡೆಗಳದ್ದು, ಸ್ವಲ್ಪ ಇಳಿದಿದೆ. "ಸ್ವಲ್ಪ ಅಂದ್ರೆ ಸ್ವಲ್ಪವೇ," ಎಂದಳು ಹುಡುಗಿ. ಆದರೂ ಆ ಹಾಳೆಯನ್ನು ಎರಡು ಸಲ ಮುಟ್ಟಿ ನೋಡಿದಳು.

ಸಂಜೆ ಬೇಕರಿಗೆ ಹೋಗಿ ಇಷ್ಟನ್ನು ಹೇಳಿದೆ. ಅವನ ರ್ಯಾಕಿನ ನಾಲ್ಕೂ ತಿಳಿಯಾಗಿವೆ ಎಂದೆ. ಅವನು ಬ್ರೆಡ್ಡು ಕತ್ತರಿಸುತ್ತಿದ್ದ.

"ಹದಿನೇಳನೇ ಪೆಟ್ಟಿಗೇಲಿ ಕಿವಿ ಹರಿದಿತ್ತು ಒಂದರದ್ದು. ನಾನು ಅಲ್ಲಿ ಬಿಟ್ಟು ಬರೋ ಹಿಂದಿನ ದಿನ ನೋಡಿದ್ದು. ಗಾಯ ಹೇಗಿದೆ?" ಎಂದ.

ಚೆನ್ನಾಗಿದೆ ಎಂದು ಬಾಯಿಗೆ ಬಂದಿತ್ತು. ನಾಲ್ಕು ವಾರದಿಂದ ಆ ಪೆಟ್ಟಿಗೆಗೆ ಕೈ ಹಾಕುತ್ತಿರುವವಳು ನಾನೇ. ಕಿವಿ ನೋಡಿದ್ದು ನೆನಪಾಗಲಿಲ್ಲ.

"ನೋಡಿಲ್ಲ," ಎಂದೆ.

ಸೋಮವಾರ ನೋಡಿ ಹೇಳಬಹುದಿತ್ತು. ವಾಪಸು ಹೋದೆ. ಕಾವಲುಗಾರ ಮರೆತದ್ದೇನು ಎಂದ. ಮತ್ತೆ ಮುಖಗವಸು, ಮತ್ತೆ ಗೌನು, ಕಾಲಿಗೆ ಚೀಲ. ಹದಿನೇಳನೆಯದನ್ನು ಇಳಿಸಿ ಮೂರನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದೆ. ಮತ್ತೆ ಎಲ್ಲ ಕಳಚಿ, ಎರಡು ಬಸ್ಸು ಹತ್ತಿ ಬೇಕರಿಗೆ ಬಂದಾಗ ಅವನು ಷಟರು ಅರ್ಧ ಎಳೆದಿದ್ದ. ಬಗ್ಗಿ ಒಳಗೆ ಹೋದೆ.

"ಗಾಯ ಒಣಗಿದೆ. ತುದಿ ಒಂದಿಷ್ಟು ಹೋಗಿದೆ."

ಅವನು ಪೊರಕೆ ಹಿಡಿದು ನಿಂತಿದ್ದ.

"ಎಡಗಿವಿನಾ, ಬಲಗಿವಿನಾ?"

"ಎಡ."

ಕಾಲಿನಿಂದ ಸ್ಟೂಲನ್ನು ನನ್ನ ಕಡೆ ತಳ್ಳಿದ. ಕೂತೆ.